ಕಷ್ಟದ ಪ್ರಶ್ನೆ ಮತ್ತು ಕರ್ತೃವಿಲ್ಲದ ಉತ್ತರ

ಕನ್ನಡ ವಿಭಾಗಗಳಲ್ಲಿ ತಯಾರಾಗುವ ಪಿಎಚ್‌ಡಿ ಪ್ರಬಂಧಗಳ ಕೊನೆಗೆ ‘ಅನುಬಂಧ’ ಎಂಬ ಭಾಗ ಇರುತ್ತದೆ. ಲೇಖಕರೊಡನೆ ನಡೆಸಿದ ಸಂದರ್ಶನ ಸಾಮಾನ್ಯವಾಗಿ ಅಲ್ಲಿರುತ್ತದೆ. ಮೌಲ್ಯಮಾಪಕರು ಅದನ್ನು ಓದುವುದು ಅಪರೂಪ, ನಾವು ಓದುವುದು ಇನ್ನೂ ಅಪರೂಪ. ಕಳೆದ ಎರಡು ವರ್ಷಗಳಿಂದ ನಾನು ಈ ಅನುಬಂಧಗಳನ್ನೇ ಹುಡುಕಿ ಓದುತ್ತಿದ್ದೇನೆ. ಬಹುತೇಕ ಎಲ್ಲವೂ ಒಂದೇ ಪ್ರಶ್ನೆಯಿಂದ ಶುರುವಾಗುತ್ತವೆ: ನಿಮ್ಮ ಬಾಲ್ಯದ ಬಗ್ಗೆ ಹೇಳಿ. ಒಂದೇ ಪ್ರಶ್ನೆಯಲ್ಲಿ ಮುಗಿಯುತ್ತವೆ: ಯುವ ಬರಹಗಾರರಿಗೆ ನಿಮ್ಮ ಕಿವಿಮಾತೇನು? ನಡುವೆ ಲೇಖಕರು ತಮಗೆ ಇಷ್ಟ ಬಂದದ್ದನ್ನು ಹೇಳಿರುತ್ತಾರೆ. ಸಂಶೋಧಕ ‘ಹೌದು ಸರ್’ ಎಂದದ್ದನ್ನು ಬರೆದುಕೊಂಡಿಲ್ಲ, ಅಷ್ಟೇ.

ಸಾಹಿತ್ಯದ ಸಂದರ್ಶನದಲ್ಲಿ ಕಷ್ಟದ ಪ್ರಶ್ನೆ ಇಷ್ಟು ವಿರಳ ಯಾಕೆ? ವಿನಯ ಎಂದು ಸುಲಭವಾಗಿ ಹೇಳಿಬಿಡಬಹುದು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ. ಕಷ್ಟದ ಪ್ರಶ್ನೆ ಎಂದರೆ ಒರಟು ಪ್ರಶ್ನೆ ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿದೆ. ಟಿವಿ ಅದನ್ನು ಬೆಳೆಸಿದೆ. ಧ್ವನಿ ಎತ್ತರಿಸಿ, ಬೆರಳು ತೋರಿಸಿ ಕೇಳಿದರೆ ಅದು ಕಷ್ಟದ ಪ್ರಶ್ನೆ. ಆದರೆ ಅಂಥ ಪ್ರಶ್ನೆಗೆ ಉತ್ತರ ಕೊಡುವುದು ಬಹಳ ಸುಲಭ. ನೀವೂ ಧ್ವನಿ ಎತ್ತರಿಸಿದರಾಯಿತು. ನಿಜಕ್ಕೂ ಕಷ್ಟದ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರಿಸಿದರೆ, ಉತ್ತರಿಸಿದವರು ಆ ಕ್ಷಣದವರೆಗೆ ನಿಂತಿದ್ದ ಜಾಗದಲ್ಲಿ ಮತ್ತೆ ನಿಲ್ಲಲಾಗದು. ಅದಕ್ಕೆ ಧ್ವನಿಯ ಏರಿಳಿತ ಬೇಕಿಲ್ಲ.

ಇಂಥ ಪ್ರಶ್ನೆಗಳನ್ನು ‘ನಿಭಾಯಿಸುವ’ ಕಲೆಯನ್ನು ಕಲಿಸುವ ತರಬೇತಿಗಳು ಈಗ ಇವೆ. ಅವುಗಳ ಸಾರ ಒಂದೇ: ಪ್ರಶ್ನೆಯನ್ನು ಗೌರವಿಸಿದಂತೆ ಕಾಣಬೇಕು, ಅದರ ಮೇಲೊಂದು ಸೇತುವೆ ಕಟ್ಟಿ ನಮ್ಮ ಮಾತಿನ ದಡಕ್ಕೆ ದಾಟಿಬಿಡಬೇಕು. ವಿಯೆಟ್ನಾಂ ಯುದ್ಧದ ಕಾಲದ ಅಮೆರಿಕದ ರಕ್ಷಣಾ ಕಾರ್ಯದರ್ಶಿ ರಾಬರ್ಟ್ ಮೆಕ್‌ನಮಾರ, ಎರಲ್ ಮೋರಿಸ್ 2003ರಲ್ಲಿ ತೆಗೆದ ‘ದಿ ಫಾಗ್ ಆಫ್ ವಾರ್’ ಸಾಕ್ಷ್ಯಚಿತ್ರದಲ್ಲಿ ಇದನ್ನು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಕೇಳಿದ ಪ್ರಶ್ನೆಗೆ ಎಂದೂ ಉತ್ತರಿಸಬಾರದು, ಕೇಳಬೇಕಿತ್ತೆಂದು ನಮಗನ್ನಿಸುವ ಪ್ರಶ್ನೆಗೆ ಉತ್ತರಿಸಬೇಕು ಎಂಬುದು ಅವರು ಬೇಗನೆ ಕಲಿತ ಪಾಠವಂತೆ. ಇದರ ಎದುರು ತುದಿಯಲ್ಲಿ ಬಿಬಿಸಿಯ ಜೆರೆಮಿ ಪ್ಯಾಕ್ಸ್‌ಮನ್ ಇದ್ದಾರೆ. 1997ರ ಮೇ 13ರಂದು ಮಾಜಿ ಗೃಹಸಚಿವ ಮೈಕೆಲ್ ಹೊವರ್ಡ್ ಅವರಿಗೆ ಒಂದೇ ಪ್ರಶ್ನೆಯನ್ನು ಹನ್ನೆರಡು ಬಾರಿ ಕೇಳಿದವರು. ಪತ್ರಿಕೋದ್ಯಮದ ತರಗತಿಗಳಲ್ಲಿ ಇದನ್ನು ಧೈರ್ಯದ ಮಾದರಿಯಾಗಿ ತೋರಿಸುತ್ತಾರೆ. ಮುಂದಿನ ವರದಿ ಪ್ರಸಾರಕ್ಕೆ ಸಿದ್ಧವಿಲ್ಲವೆಂದು ಕಿವಿಯಲ್ಲಿ ಹೇಳಿದ್ದರಿಂದ ಸಮಯ ತುಂಬಿಸಲು ಹಾಗೆ ಕೇಳುತ್ತಾ ಹೋದೆ ಎಂದು ಪ್ಯಾಕ್ಸ್‌ಮನ್ ಆಮೇಲೆ ಹೇಳಿಕೊಂಡರು. ನನಗೆ ಈ ವಿವರ ಬಹಳ ಇಷ್ಟ.

ನಮ್ಮ ಚಿತ್ರದುರ್ಗದಲ್ಲಿ ಹನ್ನೆರಡು ಬಾರಿಯಲ್ಲ, ಹಲವು ವರ್ಷಗಳಿಂದ ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ಯಾವ ಸಚಿವರು ಪತ್ರಿಕಾಗೋಷ್ಠಿ ನಡೆಸಿದರೂ, ಅದು ಯಾವ ಪಕ್ಷದ್ದಾದರೂ, ಆ ಪ್ರಶ್ನೆ ಬರುತ್ತದೆ: ಭದ್ರಾ ಮೇಲ್ದಂಡೆ ನೀರು ಯಾವಾಗ? ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ತೆಂಗು ಅಡಿಕೆ ತೋಟಗಳ ನಡುವೆ ಕೊಳವೆಬಾವಿ ಕೊರೆಸಿ ಸೋತವರಿಗೆ ಇದು ಬದುಕಿನ ಪ್ರಶ್ನೆ. 2023ರ ಕೇಂದ್ರ ಬಜೆಟ್‌ನಲ್ಲಿ ಈ ಯೋಜನೆಗೆ 5,300 ಕೋಟಿ ರೂಪಾಯಿ ಘೋಷಣೆಯಾದ ಮೇಲೆ ಪ್ರಶ್ನೆಗೆ ಎರಡನೆಯ ಭಾಗವೂ ಸೇರಿತು: ಆ ಹಣ ಎಲ್ಲಿ? ಸಾಹಿತ್ಯದ ವಿದ್ಯಾರ್ಥಿನಿಯಾಗಿ ನನಗೆ ನೀರಾವರಿಯ ಬಗ್ಗೆ ಹೇಳಲು ಹೆಚ್ಚೇನಿಲ್ಲ. ಆದರೆ ಉತ್ತರಗಳ ವ್ಯಾಕರಣದ ಬಗ್ಗೆ ಇದೆ.

ಸ್ಥಳೀಯ ಪತ್ರಿಕೆಗಳಲ್ಲಿ ಇಂಥ ಉತ್ತರಗಳನ್ನು ಓದಿದವರಿಗೆ ಈ ವಾಕ್ಯಗಳು ಬಾಯಿಪಾಠ: ಪರಿಶೀಲಿಸಲಾಗುವುದು. ಕ್ರಮ ಕೈಗೊಳ್ಳಲಾಗುವುದು. ಆದ್ಯತೆ ನೀಡಲಾಗಿದೆ. ಈ ಕ್ರಿಯಾಪದಗಳಿಗೆ ಕರ್ತೃ ಇಲ್ಲ. ಯಾರು ಪರಿಶೀಲಿಸುತ್ತಾರೆ? ವಾಕ್ಯ ಹೇಳುವುದಿಲ್ಲ. ಆಡುಗನ್ನಡದಲ್ಲಿ ನಾವು ಯಾರೂ ಹೀಗೆ ಮಾತಾಡುವುದಿಲ್ಲ. ‘ಅನ್ನ ಮಾಡಲಾಗುವುದು’ ಎಂದು ಯಾವ ಮನೆಯಲ್ಲೂ ಹೇಳುವುದಿಲ್ಲ. ಕರ್ಮಣಿ ಪ್ರಯೋಗ ಆಡುಮಾತಿಗೆ ಸಹಜವಲ್ಲವೆಂದು ಶಾಲೆಯ ವ್ಯಾಕರಣದ ಮೇಷ್ಟ್ರು ಕೂಡ ಹೇಳುತ್ತಾರೆ. ಅದು ಕಚೇರಿಯ ಕಡತದಿಂದ ಬಂದು, ಪತ್ರಿಕೆಯ ಮೂಲಕ ಹಾದು, ಈಗ ಬಾಯಿಮಾತಿಗೂ ಇಳಿದಿದೆ. ಇನ್ನೊಂದು ವಾಕ್ಯ ಇದಕ್ಕಿಂತ ಸೊಗಸಾಗಿದೆ: ‘ಅದು ನಮ್ಮ ಗಮನಕ್ಕೆ ಬಂದಿಲ್ಲ.’ ಇಲ್ಲಿ ಕರ್ತೃ ಇದೆ, ಆದರೆ ಅದು ಸಮಸ್ಯೆಯೇ. ಸಮಸ್ಯೆ ತಾನೇ ನಡೆದುಕೊಂಡು ಸಾಹೇಬರ ಗಮನಕ್ಕೆ ಬರಬೇಕಿತ್ತು, ಬರಲಿಲ್ಲ, ತಪ್ಪು ಅದರದು! ಮೂರನೆಯದು ‘ನೋಡೋಣ’. ಪ್ರಶ್ನೆ ಕೇಳಿದವರನ್ನೂ ಒಳಗೆ ಸೇರಿಸಿಕೊಳ್ಳುವ ಬಹುವಚನ. ಕೇಳಿದವರು ಆ ಕ್ಷಣದಿಂದ ಉತ್ತರದ ಪಾಲುದಾರರಾಗಿಬಿಡುತ್ತಾರೆ. ವಿಷಾದ ವ್ಯಕ್ತಪಡಿಸುವ ಮಾತಿಗೂ ಒಂದು ಸಿದ್ಧರೂಪವಿದೆ: ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ. ನೋವು ಮಾಡಿದವರಿಲ್ಲ, ನೋವು ಆಯಿತು. ಅದೂ ‘ಆಗಿದ್ದರೆ’.

ಈ ವ್ಯಾಕರಣವನ್ನು ಗಮನಿಸುವ ಅಭ್ಯಾಸವಾದ ಮೇಲೆ ನನಗೆ ಲೇಖಕರ ಸಂದರ್ಶನಗಳೂ, ಅವರ ಬಗೆಗಿನ ಪ್ರಸಂಗಗಳೂ ಬೇರೆಯಾಗಿ ಕಾಣತೊಡಗಿದವು.

ಚಿತ್ರದುರ್ಗದವರಿಗೆ ತ.ರಾ.ಸು. ಅವರ ಕೇರೆಹಾವಿನ ಮಾತು ಗೊತ್ತು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಕಾದಂಬರಿಗಳನ್ನು ಸೇರಿಸಿ ಪುಟ್ಟಣ್ಣ ಕಣಗಾಲ್ 1972ರಲ್ಲಿ ‘ನಾಗರಹಾವು’ ಸಿನಿಮಾ ಮಾಡಿದರು. ವಿಷ್ಣುವರ್ಧನ್ ನಾಯಕರಾದ ಚಿತ್ರ, ಅಂಬರೀಷ್ ಅವರ ಮೊದಲ ಚಿತ್ರ. ನಮ್ಮ ಕೋಟೆಯ ಕಲ್ಲುಗಳಿಗೆ ತೆರೆಯ ಮೇಲೊಂದು ಶಾಶ್ವತ ಜಾಗ ಸಿಕ್ಕಿದ್ದೂ ಅದರಿಂದ. ಇಡೀ ನಾಡು ಸಿನಿಮಾವನ್ನು ಮೆಚ್ಚಿಕೊಂಡಾಗ ಮೂಲ ಲೇಖಕರು ಮಾತ್ರ ಮೆಚ್ಚಲಿಲ್ಲ. ಪುಟ್ಟಣ್ಣ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂಬ ಅರ್ಥದ ಮಾತು ಅವರ ಹೆಸರಿನಲ್ಲಿ ಇಂದಿಗೂ ಓಡಾಡುತ್ತಿದೆ.

ಇದೊಂದು ಚುರುಕಾದ ಉತ್ತರ. ತ.ರಾ.ಸು. ಸ್ವತಃ ಪತ್ರಕರ್ತರಾಗಿ ದುಡಿದವರು. ಯಾವ ಮಾತು ಮರುದಿನದ ಪುಟದಲ್ಲಿ ಉಳಿಯುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ಇಲ್ಲಿ ಕರ್ತೃವೂ ಇದ್ದಾನೆ: ಪುಟ್ಟಣ್ಣ ಮಾಡಿದರು. ಜಾರಿಕೊಳ್ಳುವ ಮಾತಲ್ಲ. ಆದರೂ ಈ ಉತ್ತರದ ಬಗ್ಗೆ ನನ್ನ ತಕರಾರಿದೆ. ರೂಪಕ ಎಷ್ಟು ಚೆನ್ನಾಗಿದೆಯೆಂದರೆ ಅದು ಮುಂದಿನ ಪ್ರಶ್ನೆಯನ್ನು ಹುಟ್ಟಲು ಬಿಡಲಿಲ್ಲ. ಕೇಳಿದವರು ನಕ್ಕು ಬರೆದುಕೊಂಡರು. ಐವತ್ತು ವರ್ಷಗಳಿಂದ ನಾವೂ ನಕ್ಕು ಮುಂದೆ ಹೋಗುತ್ತಿದ್ದೇವೆ. ಕೇಳಬೇಕಿದ್ದದ್ದು ಇದು: ವಿಷ ಹೋದದ್ದು ಎಲ್ಲಿ? ರಾಮಾಚಾರಿಯ ಸಿಟ್ಟು ಕಾದಂಬರಿಯಲ್ಲಿ ಯಾರ ವಿರುದ್ಧವಿತ್ತು, ಸಿನಿಮಾದಲ್ಲಿ ಯಾರ ವಿರುದ್ಧವಾಯಿತು? ಸಿನಿಮಾದಲ್ಲಿ ಜಾತಿ, ಧರ್ಮದ ಗೋಡೆಯ ಮುಂದೆ ಚಾಮಯ್ಯ ಮೇಷ್ಟ್ರ ಪ್ರೀತಿ ನಿಂತುಬಿಡುತ್ತದೆ. ಆ ಗೋಡೆಯನ್ನು ಕಥೆ ಬೆಟ್ಟದ ತುದಿಗೆ ಕರೆದೊಯ್ದು ಸಾವಿನಲ್ಲಿ ಮುಗಿಸುತ್ತದೆ. ಪ್ರೇಕ್ಷಕರು ಅತ್ತು ಹೊರಬರುತ್ತಾರೆ, ಗೋಡೆ ಅಲ್ಲೇ ಇರುತ್ತದೆ. ಲೇಖಕರ ಅಸಮಾಧಾನ ಇದರ ಬಗ್ಗೆಯೋ, ಮೂರು ಕಾದಂಬರಿಗಳನ್ನು ಒಂದರಲ್ಲಿ ಹಿಂಡಿದ್ದರ ಬಗ್ಗೆಯೋ, ಅಥವಾ ತನ್ನ ಪಾತ್ರ ತನ್ನ ಕೈಬಿಟ್ಟು ಊರಿನ ಹುಡುಗರ ಪಾಲಾಯಿತೆಂಬ ಸಹಜ ಸಂಕಟವೋ? ಕೇರೆಹಾವಿನ ಮಾತು ಇವುಗಳಲ್ಲಿ ಯಾವುದಕ್ಕೂ ಉತ್ತರವಲ್ಲ. ಒಳ್ಳೆಯ ಸಂದರ್ಶಕ ಅಲ್ಲಿ ನಗುವುದನ್ನು ಸ್ವಲ್ಪ ತಡೆಯಬೇಕಿತ್ತು.

ತ.ರಾ.ಸು. ಅವರಿಗೆ ಇನ್ನೂ ಕಷ್ಟದ ಪ್ರಶ್ನೆಯೊಂದನ್ನು ಕೇಳುವ ಅವಕಾಶ ನಮಗೆ ಸಿಗಲೇ ಇಲ್ಲ. ‘ದುರ್ಗಾಸ್ತಮಾನ’ಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಅವರು ತೀರಿಕೊಂಡು ವರ್ಷ ಕಳೆದಿತ್ತು. ಪ್ರಶಸ್ತಿ ಬಂದ ಮರುದಿನದ ಸಂದರ್ಶನಗಳು ನಡೆಯಲಿಲ್ಲ. 1779ರಲ್ಲಿ ಹೈದರಾಲಿಯ ಕೈಗೆ ದುರ್ಗ ಬಿದ್ದದ್ದನ್ನು ಬರೆಯುವಾಗ ಕಾದಂಬರಿಕಾರ ಎಷ್ಟು ಚರಿತ್ರೆಕಾರ, ಎಷ್ಟು ದುರ್ಗದ ಮಗ? ಸೋಲಿನ ಹೊಣೆಯನ್ನು ಹೊರಗಿನ ಶತ್ರುವಿಗೂ ಒಳಗಿನ ಒಡಕಿಗೂ ಹಂಚುವಾಗ ಅವರ ತಕ್ಕಡಿ ಎತ್ತ ವಾಲುತ್ತದೆ? ಇವತ್ತು ಆ ಕಾದಂಬರಿಯನ್ನು ವೇದಿಕೆಗಳ ಮೇಲೆ ಉಲ್ಲೇಖಿಸುವವರಿಗೆ ಈ ಪ್ರಶ್ನೆಗಳು ಬೇಡ. ಮದಕರಿನಾಯಕನ ಹೆಸರು ಸಾಕು. ಲೇಖಕ ಇಲ್ಲದ ಮೇಲೆ ಪಠ್ಯವನ್ನೇ ಸಂದರ್ಶಿಸಬೇಕು. ವಿಮರ್ಶೆಯ ಕೆಲಸ ಅದೇ ಅಂತ ನಾನು ಅಂದುಕೊಂಡಿದ್ದೇನೆ. ದುರ್ಗದ ಬಗ್ಗೆಯೇ ಬರೆದ ಈ ಲೇಖಕರ ‘ಹಂಸಗೀತೆ’ ನಾಲಿಗೆ ಕತ್ತರಿಸಿಕೊಳ್ಳುವ ಗಾಯಕನ ಕಥೆ ಎಂಬುದನ್ನು ಇಲ್ಲಿ ನೆನಪಿಸಬಹುದು. ಬಲವಂತಕ್ಕೆ ಉತ್ತರವಾಗಿ ಮಾತಿನ ಅಂಗವನ್ನೇ ಇಲ್ಲವಾಗಿಸಿಕೊಳ್ಳುವುದು! ಸಂದರ್ಶನಗಳಿಗೆ ಒಪ್ಪದ ಲೇಖಕರಿಗೆ ಇದಕ್ಕಿಂತ ಘೋರ ಪೂರ್ವಜ ಸಿಗಲಾರ.

ಚಿತ್ರದುರ್ಗದಲ್ಲೇ ಬದುಕಿ 2000ದಲ್ಲಿ ಇಲ್ಲೇ ತೀರಿಕೊಂಡ ಎಸ್. ನಿಜಲಿಂಗಪ್ಪನವರದು ಮತ್ತೊಂದು ಬಗೆ. 1969ರ ನವೆಂಬರಿನಲ್ಲಿ, ಪಕ್ಷದ ಅಧ್ಯಕ್ಷರಾಗಿ, ಪ್ರಧಾನಿಯನ್ನೇ ಕಾಂಗ್ರೆಸ್ಸಿನಿಂದ ಉಚ್ಚಾಟಿಸಿದವರು. ಅವರು ದಿನಚರಿ ಬರೆಯುತ್ತಿದ್ದರು. ಆ ವರ್ಷದ ಬಗ್ಗೆ ಬರೆಯುವ ಇತಿಹಾಸಕಾರರು ಈಗ ಅವರ ಹೇಳಿಕೆಗಳಿಗಿಂತ ಆ ದಿನಚರಿಯನ್ನು ಹೆಚ್ಚು ನೆಚ್ಚುತ್ತಾರೆ. ಸಂದರ್ಶಕನಿಲ್ಲದ ಸಂದರ್ಶನ ಎಂದು ಅದನ್ನು ಕರೆಯಬಹುದು. ಪ್ರಶ್ನೆ ಅಂದೇ ಇತ್ತು, ಉತ್ತರವೂ ಅಂದೇ ಬರೆದಾಗಿತ್ತು, ಓದುಗ ಮಾತ್ರ ತಡವಾಗಿ ಬಂದ.

ಯು.ಆರ್. ಅನಂತಮೂರ್ತಿಯವರ ವಿಷಯಕ್ಕೆ ಬಂದರೆ ಸ್ವಲ್ಪ ನಿಧಾನಿಸಬೇಕು. ಕನ್ನಡದಲ್ಲಿ ಅವರಷ್ಟು ಸಂದರ್ಶನ ಕೊಟ್ಟ ಲೇಖಕರು ಕಡಿಮೆ. ಪ್ರಶ್ನೆ ಕೇಳಿದಾಗ ಸಿದ್ಧ ಉತ್ತರ ತೆಗೆದುಕೊಡದೆ, ಅಲ್ಲೇ ಯೋಚಿಸಲು ಶುರುಮಾಡುವುದು ಅವರ ರೀತಿ. ವಾಕ್ಯ ಒಂದು ಕಡೆ ಹೊರಟು, ನಡುವೆ ತನ್ನನ್ನೇ ಅನುಮಾನಿಸಿ, ಇನ್ನೊಂದು ಕಡೆ ತಿರುಗುತ್ತದೆ. ಪೂರ್ತಿ ಓದಿದರೆ ಅದೊಂದು ಸುಖ. ಅರ್ಧ ಕತ್ತರಿಸಿದರೆ ಅಪಾಯ. 2013ರ ಸೆಪ್ಟೆಂಬರಿನಲ್ಲಿ, ನರೇಂದ್ರ ಮೋದಿ ಪ್ರಧಾನಿಯಾಗಿರುವ ದೇಶದಲ್ಲಿ ತಾನು ಬದುಕಿರಲು ಇಷ್ಟಪಡುವುದಿಲ್ಲ ಎಂಬ ಅರ್ಥದ ಅವರ ಮಾತು ಟಿವಿಯ ಕೆಳಪಟ್ಟಿಗೆ ಇಳಿಯಿತು. ಭಾವಾವೇಶದಲ್ಲಿ ಆಡಿದ ಮಾತು ಎಂದು ಅವರು ಆಮೇಲೆ ಹೇಳಿದರು. ಅಷ್ಟರಲ್ಲಿ ಮಾತು ಅವರ ಕೈಯಲ್ಲಿರಲಿಲ್ಲ. ಅವರಿಗೆ ಪೊಲೀಸ್ ರಕ್ಷಣೆ ಕೊಡಬೇಕಾಯಿತು. 2014ರ ಆಗಸ್ಟ್ 22ರಂದು ಅವರು ತೀರಿಕೊಂಡಾಗ ಕೆಲವು ಊರುಗಳಲ್ಲಿ ಪಟಾಕಿ ಹೊಡೆದರು.

ಅನಂತಮೂರ್ತಿ ಮಾಡಿದ್ದು ಎಡವಟ್ಟು, ತರಬೇತಿ ಪಡೆದ ವಕ್ತಾರರಾಗಿದ್ದರೆ ಹೀಗಾಗುತ್ತಿರಲಿಲ್ಲ ಎನ್ನುವವರಿದ್ದಾರೆ. ನಿಜ, ಆಗುತ್ತಿರಲಿಲ್ಲ. ಆದರೆ ವಕ್ತಾರರು ಮುಂದೆ ಮಾಡುವ ಕೆಲಸವನ್ನು ಅವರು ಮಾಡಲಿಲ್ಲ. ನನ್ನ ಮಾತನ್ನು ತಿರುಚಲಾಗಿದೆ ಎಂಬ ಕರ್ತೃವಿಲ್ಲದ ವಾಕ್ಯದ ಹಿಂದೆ ಅವಿತು ಕೂರಲಿಲ್ಲ. ಕಾಯಿಲೆಯಲ್ಲಿದ್ದುಕೊಂಡೇ ‘ಹಿಂದುತ್ವ ಅಥವಾ ಹಿಂದ್ ಸ್ವರಾಜ್’ ಬರೆದರು. ಅವರು ಹೋದ ಮೇಲೆ ಅದು ಪ್ರಕಟವಾಯಿತು. ಆ ಪುಸ್ತಕದ ತರ್ಕದ ಬಗ್ಗೆ ನನಗೆ ಭಿನ್ನಾಭಿಪ್ರಾಯಗಳಿವೆ. ಸಾವರ್ಕರ್ ಮತ್ತು ಗಾಂಧಿಯನ್ನು ಎದುರುಬದುರು ಕೂರಿಸುವ ಅವಸರದಲ್ಲಿ ಅಂಬೇಡ್ಕರ್‌ಗೆ ಸಿಗಬೇಕಾದ ಕುರ್ಚಿ ಸಿಕ್ಕಿಲ್ಲ ಅನ್ನಿಸುತ್ತದೆ. ಆದರೆ ಒಂದು ವಾಕ್ಯದಲ್ಲಿ ಉತ್ತರಿಸಲಾಗದ ಪ್ರಶ್ನೆಗೆ ಒಂದು ಪುಸ್ತಕದಷ್ಟು ಜಾಗ ಬೇಕೆಂದು ಒಪ್ಪಿಕೊಂಡದ್ದು ದೊಡ್ಡದು.

ದೇವನೂರ ಮಹಾದೇವ ಈ ಜಾಗವನ್ನು ಮೊದಲೇ ಕಾಯ್ದಿರಿಸಿಕೊಳ್ಳುತ್ತಾರೆ. ಮಾತು ಕಡಿಮೆ, ಸಂದರ್ಶನ ಇನ್ನೂ ಕಡಿಮೆ. 2010ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತಿನ ನೃಪತುಂಗ ಪ್ರಶಸ್ತಿಯನ್ನು, ಪ್ರಾಥಮಿಕ ಶಿಕ್ಷಣ ಕನ್ನಡದಲ್ಲಿಲ್ಲ ಎಂಬ ಕಾರಣ ಕೊಟ್ಟು ನಿರಾಕರಿಸಿದರು. ಅದನ್ನು ಪತ್ರಿಕೆಗಳು ಕೇಳದ ಪ್ರಶ್ನೆಗೆ ಕೊಟ್ಟ ಉತ್ತರವಾಗಿ ಓದಬಹುದು. ಆದರೆ ನಮ್ಮಲ್ಲಿ ಅವರ ಮೌನವನ್ನೇ ಒಂದು ಶೈಲಿಯಾಗಿ ಪೂಜಿಸುವವರಿದ್ದಾರೆ. ಅದು ನನಗೆ ಹಿಡಿಸುವುದಿಲ್ಲ. ದೊಡ್ಡ ಲೇಖಕನ ಮೌನಕ್ಕೆ ಓದುಗರು ಅರ್ಥ ತುಂಬುತ್ತಾರೆ. ಎಲ್ಲರ ಮೌನಕ್ಕೂ ಆ ಭಾಗ್ಯವಿಲ್ಲ.

ಬಾನು ಮುಷ್ತಾಕ್ ಅವರನ್ನು ಗಮನಿಸಿ. ಮಸೀದಿ ಪ್ರವೇಶದಲ್ಲಿ ಹೆಣ್ಣುಮಕ್ಕಳ ಹಕ್ಕಿನ ಬಗ್ಗೆ ಮಾತಾಡಿ 2000ದ ಸುಮಾರಿಗೆ ಬಹಿಷ್ಕಾರ ಅನುಭವಿಸಿದವರು. 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಬಂತು. ಅದೇ ವರ್ಷ ಮೈಸೂರು ದಸರಾ ಉದ್ಘಾಟನೆಗೆ ಅವರನ್ನು ಕರೆದಾಗ, ಇಪ್ಪತ್ತೈದು ವರ್ಷಗಳ ಅಂತರದಲ್ಲಿ, ಎದುರು ದಿಕ್ಕಿನಿಂದ ಇನ್ನೊಂದು ಗುಂಪು ಪ್ರಶ್ನೆ ಕೇಳಲು ಬಂತು. ಒಳಗಿನವರು ‘ನೀನು ನಮ್ಮವಳಾ?’ ಎಂದು ಕೇಳಿದ್ದರೆ, ಹೊರಗಿನವರೂ ಅದನ್ನೇ ಕೇಳಿದರು. ವಕೀಲಿಕೆ ಮಾಡಿದವರು, ‘ಲಂಕೇಶ್ ಪತ್ರಿಕೆ’ಗೆ ವರದಿ ಮಾಡಿದವರು. ಪಾಟೀಸವಾಲಿನ ಎರಡೂ ಬದಿಯ ಕುರ್ಚಿ ಅವರಿಗೆ ಗೊತ್ತು. ಅಷ್ಟು ಸಿದ್ಧತೆಯಿದ್ದೂ ಅವರ ಕಥೆಗಳ ಬಗ್ಗೆ, ಅಂದರೆ ಆ ವಾಕ್ಯಗಳ ಬಗ್ಗೆ, ಅದರ ಹಾಸನದ ಕನ್ನಡದ ಬಗ್ಗೆ ನೆಟ್ಟಗೆ ಕೇಳಿದ ಸಂದರ್ಶನಗಳನ್ನು ನಾನು ಹುಡುಕಬೇಕಾಯಿತು. ಗುರುತಿನ ಬಗ್ಗೆ ಕೇಳಿದವುಗಳನ್ನು ಹುಡುಕಬೇಕಾಗಲಿಲ್ಲ.

ಕನ್ನಡದ ಅತ್ಯಂತ ಪ್ರಸಿದ್ಧ ಸಂದರ್ಶನವೂ ಒಬ್ಬ ಹೆಣ್ಣಿನದೇ. ಶೂನ್ಯಸಂಪಾದನೆಯಲ್ಲಿ ಕಲ್ಯಾಣಕ್ಕೆ ಬರುವ ಅಕ್ಕಮಹಾದೇವಿಯನ್ನು ಅಲ್ಲಮ ಪ್ರಶ್ನಿಸುವ ಪ್ರಸಂಗ. ಲಜ್ಜೆಯನ್ನು ಬಿಟ್ಟವಳು ಕೂದಲಿನಿಂದ ಯಾಕೆ ಮುಚ್ಚಿಕೊಂಡೆ ಎಂಬುದು ಅವನ ಪ್ರಶ್ನೆಯ ತಿರುಳು. ಕ್ರೂರ ಪ್ರಶ್ನೆ, ತುಂಬಿದ ಸಭೆ. ಅಕ್ಕನ ಉತ್ತರದಲ್ಲಿ ಎರಡು ಚಲನೆಗಳಿವೆ. ಒಳಗಿನ ಹಣ್ಣಾಗುವಿಕೆ ಮತ್ತು ಹೊರಗಿನ ಸಿಪ್ಪೆಯ ರೂಪಕದಿಂದ ಪ್ರಶ್ನೆಯ ಅರ್ಧವನ್ನು ಒಪ್ಪಿಕೊಳ್ಳುತ್ತಾಳೆ. ಆಮೇಲೆ, ಮುಚ್ಚಿಕೊಂಡದ್ದು ನೋಡುವ ನಿಮಗೆ ನೋವಾದೀತೆಂದು ಎಂದು ಉಳಿದರ್ಧವನ್ನು ಕೇಳಿದವರ ಕಣ್ಣಿಗೆ ಹಿಂದಿರುಗಿಸುತ್ತಾಳೆ. ಮಾಧ್ಯಮ ತರಬೇತಿಯವರು ಇದನ್ನೂ ‘ಸೇತುವೆ’ ಎಂದಾರು. ಆದರೆ ಅಕ್ಕ ದಾಟಿ ಓಡಿಹೋಗುವುದಿಲ್ಲ. ಪ್ರಶ್ನೆಯ ಜಾಗದಲ್ಲೇ ನಿಂತು, ಕೇಳಿದವನನ್ನು ಅಲ್ಲಿಗೆ ಕರೆಯುತ್ತಾಳೆ. ಅವಳ ಕ್ರಿಯಾಪದಗಳಿಗೆ ಕರ್ತೃವಿದೆ.

ಆದರೆ ಈ ಪ್ರಸಂಗವನ್ನು ನಾವು ಸಾಮಾನ್ಯವಾಗಿ ನಡೆದ ಘಟನೆಯಂತೆ ಓದಿಬಿಡುತ್ತೇವೆ. ಅಕ್ಕ, ಅಲ್ಲಮರು 12ನೇ ಶತಮಾನದವರು. ವಚನಗಳು ಬಿಡಿಬಿಡಿಯಾಗಿದ್ದವು. ಅವನ್ನು ಹೆಕ್ಕಿ, ನಡುವೆ ಗದ್ಯದ ಎಳೆ ಹಾಕಿ, ಪ್ರಶ್ನೋತ್ತರವಾಗಿ ಜೋಡಿಸಿದವನು 15ನೇ ಶತಮಾನದ ಶಿವಗಣಪ್ರಸಾದಿ ಮಹಾದೇವಯ್ಯ. ಆಮೇಲೆ ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯ ಇದನ್ನು ಮತ್ತೆ ಮತ್ತೆ ಪರಿಷ್ಕರಿಸಿದರು. ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆಯಾಯಿತೇ ಎಂಬಂಥ ವಿಷಯದಲ್ಲಿ ಈ ಪರಿಷ್ಕರಣೆಗಳ ನಡುವೆಯೇ ಜಗಳವಿದೆ. ಅಂದರೆ ಉತ್ತರ ಮೊದಲು ಇತ್ತು. ಪ್ರಶ್ನೆಯನ್ನು ಅದರ ಪಕ್ಕಕ್ಕೆ ಸಂಪಾದಕ ತಂದಿಟ್ಟ. ಇವತ್ತಿನ ಪತ್ರಿಕೆಯ ಕಚೇರಿಯಲ್ಲೂ ಇದೇ ನಡೆಯುತ್ತದೆ. ಲೇಖಕ ಒಂದು ಗಂಟೆ ಮಾತಾಡಿರುತ್ತಾನೆ, ಉಪಸಂಪಾದಕ ಆಮೇಲೆ ದಪ್ಪಕ್ಷರದ ಪ್ರಶ್ನೆಗಳನ್ನು ಬರೆದು ನಡುನಡುವೆ ಸೇರಿಸುತ್ತಾನೆ. ‘ಸಂಪಾದನೆ’ ಎಂಬ ಪದದಲ್ಲೇ ಗಳಿಕೆಯೂ ಇದೆ, ಸಂಪಾದಕನ ಕತ್ತರಿಯೂ ಇದೆ. ಮಹಾದೇವಯ್ಯನ ಕತ್ತರಿ ಅಕ್ಕನ ಪರವಾಗಿತ್ತು ಎಂಬುದು ನಮ್ಮ ಅದೃಷ್ಟ.

2019ರ ಆಗಸ್ಟಿನಲ್ಲಿ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಪಂಡಿತಾರಾಧ್ಯ ಸ್ವಾಮೀಜಿ ‘ಮತ್ತೆ ಕಲ್ಯಾಣ’ ಎಂದು ಊರೂರು ಸುತ್ತಿದಾಗ ವಿದ್ಯಾರ್ಥಿಗಳೊಡನೆ ಸಂವಾದವನ್ನು ಅದರ ಮುಖ್ಯ ಭಾಗವಾಗಿಸಿದ್ದರು. ಪ್ರವಚನದ ವೇದಿಕೆಯನ್ನು ಪ್ರಶ್ನೆಗೆ ತೆರೆದದ್ದು ಸಣ್ಣ ಸಂಗತಿಯಲ್ಲ. ಆದರೂ ವೇದಿಕೆ ಎತ್ತರದಲ್ಲಿ, ಮೈಕು ಕೆಳಗೆ. ಈ ಎತ್ತರದ ವ್ಯತ್ಯಾಸ ಯಾರು ಯಾರನ್ನು ಎಷ್ಟು ಹೊತ್ತು ಕೇಳಬಹುದೆಂಬುದನ್ನು ಮೊದಲೇ ತೀರ್ಮಾನಿಸಿರುತ್ತದೆ.

ಮೈಕು ಬೇರೆ ದಿಕ್ಕಿಗೆ ತಿರುಗಿದಾಗ ಏನಾಗುತ್ತದೆಂಬುದನ್ನು ನಾನು ಹಿರಿಯೂರು ತಾಲ್ಲೂಕಿನ ಗೊಲ್ಲರಹಟ್ಟಿಗಳಲ್ಲಿ ನೋಡಿದೆ. ಕಾಡುಗೊಲ್ಲರ ಮೌಖಿಕ ಕಾವ್ಯಗಳು ನನ್ನ ಅಧ್ಯಯನದ ವಿಷಯ. ಗಣೆ ಊದುತ್ತಾ ಹಾಡುವ ಜುಂಜಪ್ಪನ ಕಥೆ, ಹೆಂಗಸರು ಹಾಡುವ ಪದಗಳು. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯ ಪದಗಳನ್ನು ಕೃಷ್ಣಮೂರ್ತಿ ಹನೂರು ಸಂಗ್ರಹಿಸಿದ ಮೇಲೆ ಈ ಹಾಡುಗಳಿಗೆ ಕನ್ನಡ ವಿಭಾಗಗಳಲ್ಲಿ ಬೇರೆಯೇ ಗೌರವ ಬಂದಿದೆ. ಆದರೆ ಹಟ್ಟಿಗೆ ಬರುವ ಟಿವಿ ಕ್ಯಾಮೆರಾಗಳಿಗೆ ಹಾಡು ಬೇಕಿಲ್ಲ. ಮುಟ್ಟಾದ ಹೆಣ್ಣುಮಕ್ಕಳನ್ನು, ಬಾಣಂತಿಯರನ್ನು ಹಟ್ಟಿಯ ಹೊರಗಿರಿಸುವ ಪದ್ಧತಿ ಬೇಕು. ಬೇಕೇಬೇಕು ಕೂಡ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಗೊಲ್ಲರಹಟ್ಟಿಯೊಂದರಲ್ಲಿ ಹೊರಗಿನ ಗುಡಿಸಲಿನಲ್ಲಿದ್ದ ಬಾಣಂತಿಯ ಹಸುಗೂಸು ತೀರಿಕೊಂಡಾಗ ಪ್ರಶ್ನೆ ಕೇಳದಿದ್ದರೆ ಅದು ಅಪರಾಧವಾಗುತ್ತಿತ್ತು.

ಆ ದೃಶ್ಯತುಣುಕುಗಳನ್ನು ನಾನು ಪಠ್ಯವಾಗಿ ಓದಲು ಯತ್ನಿಸಿದ್ದೇನೆ. ಪ್ರಶ್ನೆ ಹೆಂಗಸರಿಗೆ, ಉತ್ತರ ಗಂಡಸರದು. ಹೆಂಗಸೊಬ್ಬರು ಬಾಯಿ ತೆರೆದರೆ ಪಕ್ಕದಿಂದ ಧ್ವನಿ ಬರುತ್ತದೆ. ಅವರಿಗೆ ಸಿಗುವುದು ಎರಡು ಮೂರು ಸೆಕೆಂಡು. ಆ ಮೂರು ಸೆಕೆಂಡಿನಲ್ಲಿ ಹೆಚ್ಚಾಗಿ ಬರುವ ಉತ್ತರ: ‘ದೇವ್ರಿಗೆ ಆಗಲ್ಲ.’ ವರದಿಗಾರರು ಇದನ್ನು ಮೂಢನಂಬಿಕೆಗೆ ಸಾಕ್ಷಿಯಾಗಿ ಬಳಸುತ್ತಾರೆ. ನನಗೆ ಕಂಡದ್ದು ವ್ಯಾಕರಣ. ಪರಿಶೀಲಿಸಲಾಗುವುದು ಎಂಬಲ್ಲಿ ಕರ್ತೃ ಕಾಣೆಯಾದಂತೆ ಇಲ್ಲೂ ಕಾಣೆಯಾಗಿದೆ. ಆಗುವುದಿಲ್ಲ, ಅಷ್ಟೇ. ಯಾರೂ ಹೊರಗೆ ಕಳಿಸಿಲ್ಲ. ಹಾಗೆಂದು ಸಚಿವರ ವಾಕ್ಯವನ್ನೂ ಇವರ ವಾಕ್ಯವನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾರೆ. ಒಬ್ಬರು ಹೊಣೆಯಿಂದ ತಪ್ಪಿಸಿಕೊಳ್ಳಲು ಕರ್ತೃವನ್ನು ಅಡಗಿಸಿದ್ದಾರೆ. ಇನ್ನೊಬ್ಬರು, ಕ್ಯಾಮೆರಾ ಹೋದ ಮೇಲೂ ಅದೇ ಹಟ್ಟಿಯಲ್ಲಿ ಬಾಳಬೇಕಾದವರು, ಬಚಾವಾಗಲು.

ನಾನು ಹೋಗುತ್ತಿದ್ದ ಹಟ್ಟಿಯಲ್ಲಿ ಒಬ್ಬ ಅಜ್ಜಿ ನನಗೆ ಪದಗಳನ್ನು ಹೇಳಿಕೊಡುತ್ತಿದ್ದರು. ನಾಲ್ಕನೆಯ ಭೇಟಿಯಲ್ಲಿ ನಾನೂ ಆ ಪ್ರಶ್ನೆ ಕೇಳಿದೆ. ಮಾತು ಬಂದದ್ದು ಹೆರಿಗೆಯ ಹಾಡೊಂದರ ಮೂಲಕ. ‘ದೇವ್ರಿಗೆ ಆಗಲ್ಲ ಕಣವ್ವ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಆ ದಿನ ನೀನು ನಿಮ್ಮನೆ ದೇವ್ರ ಕೋಣೆಗೆ ಹೋಗ್ತೀಯಾ?’ ಎಂದು ಕೇಳಿದರು. ಮಾತಿನಲ್ಲಿ ಚುಚ್ಚು ಇರಲಿಲ್ಲ, ತಿಳಿದುಕೊಳ್ಳುವ ಕುತೂಹಲವಿತ್ತು. ಹೊಳಲ್ಕೆರೆಯ ನಮ್ಮ ಮನೆಯಲ್ಲಿ ನನಗೆ ಪ್ರತ್ಯೇಕ ಕೋಣೆಯಿದೆ, ಲ್ಯಾಪ್‌ಟಾಪ್ ಇದೆ, ಯಾರೂ ಹೊರಗೆ ಕಳಿಸುವುದಿಲ್ಲ. 

‘ಇಲ್ಲ, ಹೋಗಲ್ಲ’ ಎಂದೆ. 

‘ಯಾರು ಬ್ಯಾಡ ಅಂದ್ರು?’ 

‘ಯಾರೂ ಅನ್ನಲ್ಲ. ನಾನೇ ಹೋಗಲ್ಲ.’

ಈ ಭಾಗವನ್ನು ಬರಹಕ್ಕಿಳಿಸಿ ತೋರಿಸಿದಾಗ ಹಿರಿಯರೊಬ್ಬರು, ಸಂಶೋಧಕಿಯ ಉತ್ತರ ದತ್ತಾಂಶವಲ್ಲ, ತೆಗೆದುಬಿಡಿ ಎಂದರು. ವಿಧಾನದ ದೃಷ್ಟಿಯಿಂದ ಅವರ ಮಾತಿನಲ್ಲಿ ಅರ್ಥವಿದೆ. ನಾನು ತೆಗೆದಿಲ್ಲ. ಆ ನಾಲ್ಕು ಸಾಲುಗಳನ್ನು ತೆಗೆದರೆ ಮುಂದಿನ ಅರ್ಧ ಗಂಟೆಯ ಮಾತು ಎಲ್ಲಿಂದ ಬಂತೆಂದು ಓದುವವರಿಗೆ ತಿಳಿಯುವುದಿಲ್ಲ. ಯಾಕೆಂದರೆ ಅಜ್ಜಿ ಆಮೇಲೆ ತಾವಾಗಿಯೇ ಶುರುಮಾಡಿದರು. ತಮ್ಮ ಮೊದಲ ಹೆರಿಗೆ, ಹೊರಗಿನ ಗುಡಿಸಲು, ಗುಡಿಸಲ ಬಾಗಿಲಿಗೆ ಅಡ್ಡ ಇಟ್ಟ ಮುಳ್ಳು, ರಾತ್ರಿ ಕೇಳಿದ ತೋಳದ ಕೂಗು. ಆಮೇಲೆ ಮಗನ ಮದುವೆ, ಸೊಸೆ, ಸೊಸೆಯ ಹೆರಿಗೆ. ಆ ವಾಕ್ಯಗಳನ್ನು ರೆಕಾರ್ಡಿಂಗ್‌ನಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. ‘ಆಗಲ್ಲ’ ಎಂಬ ಪದ ಅಲ್ಲಿ ಒಮ್ಮೆಯೂ ಬರುವುದಿಲ್ಲ. ‘ಅವಳನ್ನ ನಾನೇ ಕಳಿಸ್ದೆ. ಮಳೆ ಹಿಡ್ಕಂಡಿತ್ತು. ಹೋಗಲ್ಲ ಅಂತ ಅತ್ಲು. ನಾನೇ ಕಳಿಸ್ದೆ.’